ಏದುಸಿರಿಗೆ ಹೃದಯವೂ ಕಾರಣವಿರಬಹುದು

(ದೊಡ್ಡಬಳ್ಳಾಪುರದಲ್ಲಿ ನಡೆದ ಆರೋಗ್ಯ ಜಾಗೃತಿ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದೇವನಹಳ್ಳಿ ತಾಲೂಕಿನ ವಿಜಯಪುರದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವುದು ನಮ್ಮ ಅನೇಕ ಕುಟುಂಬಗಳ ಕಸುಬು. ಈ ದೊಡ್ಡಬಳ್ಳಾಪುರವಂತೂ ವಿದ್ಯುತ್ ಮಗ್ಗಗಳ ಊರು. ಬೇಯುವ ಗೂಡಿನ ಹಬೆ, ಸೌದೆಯ ಹೊಗೆ, ನೂಲಿನ ಧೂಳು ದುಡಿಯುವವರ ಎದೆಯೊಳಗೆ ಇಳಿಯುತ್ತವೆ. ಬೀಡಿ ಸೇದುವ ಗಂಡಸರಿಗೆ ಮಾತ್ರವಲ್ಲ, ಬಾಳಿಡೀ ಸೌದೆ ಒಲೆ ಊದಿದ ಹೆಂಗಸರಿಗೂ ಸಿಓಪಿಡಿ ಎಂಬ ಶ್ವಾಸಕೋಶದ ದೀರ್ಘಕಾಲೀನ ಕಾಯಿಲೆ ಬರುತ್ತದೆ.

ಇಂಥ ರೋಗಿಯ ಉಸಿರಾಟ ಹದಗೆಟ್ಟಾಗ 'ಹಳೆಯ ದಮ್ಮು ಕೆರಳಿದೆ' ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಏದುಸಿರು, ಆಯಾಸ, ಅಂಗಾತ ಮಲಗಲಾಗದ ಸಂಕಟ, ಕಾಲಿನ ಬಾವು ಇವು ಹೃದಯ ಸೋತಾಗಲೂ ಕಾಣುವ ಲಕ್ಷಣಗಳು. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಿಓಪಿಡಿ ಇದೆಯೆಂದು ವೈದ್ಯರು ಹೇಳಿದ್ದ 405 ವೃದ್ಧರನ್ನು ಕೂಲಂಕಷವಾಗಿ ಪರೀಕ್ಷಿಸಲಾಯಿತು. ಅವರಲ್ಲಿ ಶೇ. 20.5 ಮಂದಿಗೆ, ಅಂದರೆ ಸುಮಾರು ಐವರಲ್ಲಿ ಒಬ್ಬರಿಗೆ, ಅದುವರೆಗೆ ಯಾರೂ ಗುರುತಿಸದ ಹೃದಯ ವೈಫಲ್ಯವಿತ್ತು.

ಇದನ್ನು ಪತ್ತೆ ಹಚ್ಚಲು ರಕ್ತಪರೀಕ್ಷೆಯೊಂದು ನೆರವಾಗುತ್ತದೆ. ಹೃದಯದ ಗೋಡೆಗಳು ಒತ್ತಡದಿಂದ ಹಿಗ್ಗಿದಾಗ ಬಿಎನ್‌ಪಿ ಎಂಬ ಹಾರ್ಮೋನು ಮತ್ತು ಅದರೊಡನೆಯೇ ಎನ್‌ಟಿ-ಪ್ರೊಬಿಎನ್‌ಪಿ ಎಂಬ ತುಣುಕು ರಕ್ತಕ್ಕೆ ಸೇರುತ್ತವೆ. ಜಪಾನಿನ ವಿಜ್ಞಾನಿಗಳು ಈ ಹಾರ್ಮೋನನ್ನು 1988ರಲ್ಲಿ ಕಂಡುಹಿಡಿದರು. ಹಠಾತ್ತನೆ ಉಸಿರು ಕಟ್ಟಿ ಆಸ್ಪತ್ರೆಗೆ ಬಂದವರಲ್ಲಿ ಬಿಎನ್‌ಪಿ ಮಿಲಿಲೀಟರಿಗೆ 100 ಪಿಕೋಗ್ರಾಂ ಅಥವಾ ಎನ್‌ಟಿ-ಪ್ರೊಬಿಎನ್‌ಪಿ 300 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಹೃದಯ ವೈಫಲ್ಯದ ಸಾಧ್ಯತೆ ಬಹಳ ಕಡಿಮೆ. ಆದರೆ ಹೆಚ್ಚಿದ್ದ ಮಾತ್ರಕ್ಕೆ ಅದೇ ಅಂತಿಮ ತೀರ್ಪಲ್ಲ. ವಯಸ್ಸಾದಾಗ, ಮೂತ್ರಪಿಂಡ ಕೆಟ್ಟಾಗ, ಶ್ವಾಸಕೋಶದ ರಕ್ತನಾಳಗಳ ಒತ್ತಡದಿಂದ ಹೃದಯದ ಬಲಭಾಗ ದಣಿದಾಗಲೂ ಇದು ಏರುತ್ತದೆ. ಬೊಜ್ಜಿರುವವರಲ್ಲಿ ತಗ್ಗಿರುತ್ತದೆ. ಆಗ ಎಕೋ ಪರೀಕ್ಷೆ ಬೇಕು. ಗಾಳಿ ತುಂಬಿ ಉಬ್ಬಿದ ಶ್ವಾಸಕೋಶವು ಎಕೋ ಚಿತ್ರವನ್ನು ಮಸುಕುಗೊಳಿಸುವುದರಿಂದ ತಜ್ಞರು ಎರಡನ್ನೂ ಜೊತೆಗಿಟ್ಟು ನೋಡುತ್ತಾರೆ.

ಸಹೋದರರೇ, ಹೃದಯ ವೈಫಲ್ಯಕ್ಕೆ ಆಯುಷ್ಯ ಹೆಚ್ಚಿಸುವ ಔಷಧಗಳಿವೆ. ಆದರೆ ರೋಗವನ್ನೇ ಗುರುತಿಸದಿದ್ದರೆ ಔಷಧ ಸಿಗುವುದೆಂತು? ಮದುವೆಯ ಔತಣಕ್ಕೆ ಸಾಲ ಮಾಡಿ ಲಕ್ಷಗಟ್ಟಲೆ ಸುರಿಯುವ ನಾವು ಹೆತ್ತ ತಾಯಿಯ ಒಂದು ರಕ್ತಪರೀಕ್ಷೆಗೆ ಲೆಕ್ಕ ಹಾಕುತ್ತೇವೆ. ತಾಯಿತ ಕಟ್ಟಿ ಕೈಕಟ್ಟಿ ಕೂರುವುದು ತವಕ್ಕುಲ್ ಅಲ್ಲ. ರೋಗ ಬಂದಾಗ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾರೆ. ದೇಹವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು.

ಬೆಂಗಳೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಿದೆ, ರಾಜೀವ್ ಗಾಂಧಿ ಎದೆರೋಗ ಸಂಸ್ಥೆಯಿದೆ. ದೂರ ಹೆಚ್ಚಲ್ಲ. ಆದರೆ ದಿನಗೂಲಿಯವನಿಗೆ ಒಂದು ದಿನದ ಪ್ರಯಾಣವೆಂದರೆ ಒಂದು ದಿನದ ಅನ್ನ. ಆದ್ದರಿಂದ ಪ್ರತಿಯೊಂದು ಜಮಾಅತ್ ತನ್ನ ಮೊಹಲ್ಲಾದ ದಮ್ಮಿನ ರೋಗಿಗಳ ಪಟ್ಟಿ ಮಾಡಲಿ. ಝಕಾತ್‌ಗೆ ಅರ್ಹರಾದ ಬಡವರ ಪರೀಕ್ಷೆಯ ವೆಚ್ಚವನ್ನು ಬೈತುಲ್ ಮಾಲ್ ವಹಿಸಲಿ. ಆದರೆ ನಮ್ಮ ದಾನವು ಸರಕಾರದ ಹೊಣೆಯನ್ನು ಇಳಿಸುವುದಿಲ್ಲ. ಈ ಪರೀಕ್ಷೆಯೂ ಎಕೋವೂ ಪ್ರತಿಯೊಂದು ತಾಲೂಕು ಆಸ್ಪತ್ರೆಯಲ್ಲಿ ಬಡವರಿಗೆ ಉಚಿತವಾಗಿ ದೊರೆಯಬೇಕೆಂದು ನಾವು ಒತ್ತಾಯಿಸಬೇಕು. ಇದು ಮುಸ್ಲಿಮರ ಬೇಡಿಕೆ ಮಾತ್ರವಲ್ಲ. ಪಕ್ಕದ ಮಗ್ಗದ ದೇವಾಂಗ ಸಹೋದರನ ಎದೆಗೂ ಇಳಿಯುವುದು ಅದೇ ಧೂಳು.

ಇಂದು ಮನೆಗೆ ಹೋದಾಗ ನಿಮ್ಮ ಅಮ್ಮಿಯನ್ನು, ಅಬ್ಬಾರನ್ನು ಕೇಳಿ: 'ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಯೇ? ಕಾಲು ಊದಿದೆಯೇ?' ಹೌದೆಂದರೆ ವಿಳಂಬ ಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅಲ್ಲಾಹನು ನಮ್ಮೆಲ್ಲರನ್ನೂ ಅನುಗ್ರಹಿಸಲಿ. ಆಮೀನ್.