ನಾಲೆಯ ಜೊಂಡು, ಕೊನೆಯ ಗದ್ದೆ



ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ಅಲ್ಲಿಂದ ಹೊನ್ನಾಳಿ, ಚನ್ನಗಿರಿಯ ಕಡೆಗೆ ಹೊರಟರೆ ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳು ಕಾಣುತ್ತವೆ. ಲಕ್ಕವಳ್ಳಿಯ ಜಲಾಶಯದ ನೀರು ನಾಲೆ, ಉಪನಾಲೆ, ಹೊಲಗಾಲುವೆಗಳನ್ನು ದಾಟಿ ಈ ಗದ್ದೆಗಳಿಗೆ ಬರಬೇಕು. ‘ನಮಗೆ ನೀರು ಮುಟ್ಟಲಿಲ್ಲ’ ಎಂದು ಅಚ್ಚುಕಟ್ಟಿನ ಕೊನೆಭಾಗದ ರೈತರು ಹೇಳುವುದನ್ನು ನೀವು ಕೇಳಿರಬಹುದು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ನಾಲೆಯೊಳಗೆ ಬೆಳೆದು ನಿಂತ ಜೊಂಡು.

ಮೆತ್ತನೆಯ ಹುಲ್ಲು ಹರಿವು ಜೋರಾದಾಗ ತಲೆಬಾಗುತ್ತದೆ. ನೀರು ಅದರ ಮೇಲೆ ಜಾರಿ ಹೋಗುತ್ತದೆ. ಜೊಂಡಿನ ಗಡುಸು ಕಾಂಡ ಅಷ್ಟು ಸುಲಭವಾಗಿ ಬಾಗದು. ಅದಕ್ಕೆ ಬಡಿದ ನೀರು ಇಬ್ಭಾಗವಾಗಿ, ಹಿಂದೆ ಸುಳಿಗಳಾಗಿ ತಿರುಗುತ್ತಾ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಕಾಂಡ ಒಡ್ಡುವ ತಡೆ ನಾಲ್ಕು ಪಟ್ಟಾಗುತ್ತದೆ.

ಇನ್ನೊಂದು ವಿಷಯವನ್ನು ಗಮನಿಸಿ. ಶುಭ್ರವಾದ ನಾಲೆಯಲ್ಲಿ ಆಳ ಹೆಚ್ಚಿದಂತೆ ವೇಗವೂ ಹೆಚ್ಚುತ್ತದೆ. ಜೊಂಡು ತುಂಬಿದ ನಾಲೆಯಲ್ಲಿ ನೀರು ಒಂದು ಗೇಣು ಏರಿದರೆ, ಇನ್ನೊಂದು ಗೇಣು ಕಾಂಡ ಅದಕ್ಕೆ ಎದುರಾಗುತ್ತದೆ. ಆದ್ದರಿಂದ ಮಟ್ಟ ಏರಿದರೂ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರದಿಂದ ಇದರ ಲೆಕ್ಕ ಹಾಕಬಹುದು. ಶುಭ್ರವಾದ ಮಣ್ಣಿನ ಕಾಲುವೆಯ ಒರಟುತನದ ಗುಣಾಂಕ ಸುಮಾರು 0.025. ಕಳೆ ದಟ್ಟವಾದಾಗ ಅದು 0.10ರಷ್ಟಾಗಬಹುದು. ಆಗ ಅದೇ ಇಳಿಜಾರು, ಅದೇ ಆಳದಲ್ಲಿ ಹರಿಯುವ ನೀರು ಕಾಲು ಭಾಗಕ್ಕೆ ಇಳಿಯುತ್ತದೆ. ಅಗಲವಾದ ಕಾಲುವೆಯಲ್ಲಿ ಮೊದಲಿನಷ್ಟೇ ನೀರು ಸಾಗಬೇಕಾದರೆ ಆಳ ಸುಮಾರು 2.3 ಪಟ್ಟಾಗಬೇಕು. ಅಷ್ಟರೊಳಗೆ ನೀರು ಏರಿಯ ಮೇಲೆ ಉಕ್ಕಿ ಹೋದೀತು! ನಿಧಾನವಾದ ನೀರಿನಲ್ಲಿ ಹೂಳು ಕೂರುತ್ತದೆ. ಹೂಳಿನಲ್ಲಿ ಮತ್ತಷ್ಟು ಜೊಂಡು ಬೇರೂರುತ್ತದೆ.

ಹಾಗಾದರೆ ಗಡುಸು ಸಸ್ಯವೆಲ್ಲ ನೀರಿಗೆ ಶತ್ರುವೇ? ಅಲ್ಲ. ಇಳಿಜಾರಿನ ಹೊಲದ ಬದುವಿನಲ್ಲಿ ಒತ್ತಾಗಿ ನೆಟ್ಟ ಲಾವಂಚ ಮಳೆನೀರಿನ ಓಟವನ್ನು ಇದೇ ರೀತಿ ತಗ್ಗಿಸಿ ಮಣ್ಣನ್ನು ಉಳಿಸುತ್ತದೆ. ಅಲ್ಲಿ ನೀರು ನಿಧಾನವಾಗಬೇಕು, ನಾಲೆಯಲ್ಲಿ ಸಾಗಬೇಕು. ಸಸ್ಯದ ಗುಣ ಒಂದೇ. ಅದು ನಿಂತ ಜಾಗ ಬೇರೆ.

ಇದನ್ನು ನೀವೇ ಪರೀಕ್ಷಿಸಬಹುದು. ತಗಡಿನ ದೋಣಿಯೊಂದನ್ನು ಸ್ವಲ್ಪ ಓರೆಯಾಗಿಟ್ಟು, ತಳಕ್ಕೆ ಜೇಡಿಮಣ್ಣು ಮೆತ್ತಿ, ನಲ್ಲಿಯ ನೀರನ್ನು ಒಂದೇ ಸಮನೆ ಬಿಡಿ. ನೀರಿನ ಮಟ್ಟವನ್ನು ಗುರುತು ಮಾಡಿ. ಅನಂತರ ಪೊರಕೆಕಡ್ಡಿಗಳನ್ನು ಸಾಲಾಗಿ ಚುಚ್ಚಿ ಮತ್ತೆ ಅಳೆಯಿರಿ. ಮಟ್ಟ ಎಷ್ಟು ಏರಿತೆಂಬುದೇ ಆ ಕಡ್ಡಿಗಳ ತಡೆಗೆ ಸಾಕ್ಷಿ.

ಜೊಂಡಿನ ತಲೆ ಕತ್ತರಿಸಿದರೆ ಸಾಲದು. ಅದು ಬೇರುಗಡ್ಡೆಯಿಂದ ಮತ್ತೆ ಚಿಗುರುತ್ತದೆ. ನಾಲೆಗೆ ನೀರು ಬಿಡುವ ಮೊದಲೇ ಹೂಳಿನ ಸಮೇತ ಅದನ್ನು ತೆಗೆಯಬೇಕು. ಮೇಲಿನವರು ತಮ್ಮ ಪಾಲಿನ ಕಾಲುವೆಯನ್ನು ಶುಭ್ರವಾಗಿಟ್ಟರೆ, ಅದರ ಫಲ ಕಾಣುವುದು ಕೊನೆಯವರ ಗದ್ದೆಯಲ್ಲಿ.