ವೀರನನ್ನು ಕಟ್ಟುವ ಲೆಕ್ಕ: ಶಕ್ತಿ ಎಷ್ಟು, ಕೊರತೆ ಎಷ್ಟು?

(ಕೂಟಗಲ್‌ನಲ್ಲಿ ಯುವಜನರ ಮುಂದೆ ಮಾಡಿದ ಭಾಷಣದ ಪಠ್ಯ)



ರಾಮನಗರದ ಬಂಡೆಗಳನ್ನು ದಿನವೂ ನೋಡುವವರಿಗೆ ‘ಶೋಲೆ’ ಚಿತ್ರದ ಕಥೆಯನ್ನು ಹೊಸದಾಗಿ ಹೇಳಬೇಕಿಲ್ಲ. ಪಕ್ಕದ ರಾಮದೇವರ ಬೆಟ್ಟದ ಸುತ್ತಮುತ್ತ ಚಿತ್ರೀಕರಣಗೊಂಡು 1975ರ ಆಗಸ್ಟ್ 15ರಂದು ತೆರೆ ಕಂಡ ಆ ಚಿತ್ರದಲ್ಲಿ ಬಂದೂಕು ಹಿಡಿದವರಿದ್ದಾರೆ, ಕುದುರೆ ಏರಿದವರಿದ್ದಾರೆ, ಓಡುವ ರೈಲಿನಲ್ಲಿ ಕಾದಾಡಿದವರಿದ್ದಾರೆ. ಆದರೆ ನೋಡಿದವರ ಮನಸ್ಸಿನಲ್ಲಿ ಕೊನೆಗೆ ನಿಲ್ಲುವವನು ಎರಡೂ ಕೈಗಳಿಲ್ಲದ ಠಾಕೂರ್. ಗಬ್ಬರ್ ಸಿಂಗ್ ಎದುರಿಗೆ ನಿಂತಾಗ ಅವನಿಗೆ ಉಳಿದಿರುವುದು ಕಾಲು ಮಾತ್ರ. ಕಾಲಿನಲ್ಲಿ ಮೊಳೆ ಹೊಡೆಸಿದ ಪಾದರಕ್ಷೆ. ಕೈಗಳಿದ್ದಿದ್ದರೆ ಅದು ನೂರರಲ್ಲಿ ಒಂದು ಹೊಡೆದಾಟ ಆಗುತ್ತಿತ್ತು. ಕೈಗಳಿಲ್ಲದ್ದರಿಂದಲೇ ಅದು ಮರೆಯಲಾಗದ ದೃಶ್ಯವಾಯಿತು.

ವೀರನೊಬ್ಬನನ್ನು ಕಲ್ಪಿಸುವಾಗ ಎಲ್ಲರೂ ಮೊದಲು ಕೇಳುವುದು ‘ಇವನಿಗೆ ಏನೇನು ಶಕ್ತಿ ಇದೆ?’ ಎಂದು. ಇವನಿಂದ ಏನು ಆಗುವುದಿಲ್ಲ ಎಂದು ಕೇಳುವವರು ಕಡಿಮೆ. ಎರಡನೆಯ ಪ್ರಶ್ನೆಯನ್ನೇ ನಿಯಮವಾಗಿ ಮಾಡಿಕೊಂಡ ಒಂದು ಆಟ ಅಮೆರಿಕದಲ್ಲಿ ಬೆಳೆದಿದೆ. ಅದೇ ಪ್ರಶ್ನೆಗೆ ಅದಕ್ಕೂ ಬಹಳ ಹಿಂದೆಯೇ ಉತ್ತರ ಹಾಡಿದವರು ಕನಕಪುರ, ಚನ್ನಪಟ್ಟಣದ ಆಚೆಗಿನ ಊರುಗಳಲ್ಲಿದ್ದಾರೆ. ಇಂದಿನ ಮಾತು ಈ ಇಬ್ಬರನ್ನೂ ಕುರಿತದ್ದು.

ಮೇಜಿನ ಸುತ್ತ ಒಂದು ತಾಳಮದ್ದಳೆ

ಮೊದಲು ಆಟವೇನೆಂದು ನೋಡೋಣ. ಇಂಗ್ಲಿಷಿನಲ್ಲಿ ಇದನ್ನು ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಕನ್ನಡದಲ್ಲಿ ಪಾತ್ರದಾಟ ಎನ್ನಬಹುದು. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ‘ನದಿ ಉಕ್ಕಿದೆ, ಸೇತುವೆ ಮುರಿದಿದೆ, ಏನು ಮಾಡುತ್ತೀರಿ?’ ಎಂದು ಕಥೆ ನಡೆಸುವವನು ಕೇಳುತ್ತಾನೆ. ಪಾತ್ರಧಾರಿ ತನ್ನ ಉಪಾಯ ಹೇಳಿ ದಾಳ ಉರುಳಿಸುತ್ತಾನೆ. ಗೆಲುವು ಸೋಲನ್ನು ದಾಳ ಮತ್ತು ನಿಯಮ ಸೇರಿ ತೀರ್ಮಾನಿಸುತ್ತವೆ.

ಕರಾವಳಿಯ ತಾಳಮದ್ದಳೆ ಕೇಳಿದವರಿಗೆ ಇದು ತೀರ ಅಪರಿಚಿತವಲ್ಲ. ಅಲ್ಲಿಯೂ ವೇಷವಿಲ್ಲ, ರಂಗಸಜ್ಜಿಕೆಯಿಲ್ಲ. ಭಾಗವತರು ಪ್ರಸಂಗ ನಡೆಸುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟುತ್ತಾರೆ. ವ್ಯತ್ಯಾಸ ಒಂದೇ: ಅಲ್ಲಿ ಪ್ರಸಂಗದ ಕೊನೆ ಗೊತ್ತಿರುತ್ತದೆ, ಇಲ್ಲಿ ಗೊತ್ತಿರುವುದಿಲ್ಲ.

ಈ ಬಗೆಯ ಮೊದಲ ಅಚ್ಚಾದ ಆಟ 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ಅದರಲ್ಲಿ ಇದ್ದವರು ಕತ್ತಿ ಹಿಡಿದ ಯೋಧರು, ಮಂತ್ರವಾದಿಗಳು. ಸೂಪರ್‌ಮ್ಯಾನ್‌ನಂಥ ಅತಿಮಾನುಷ ವೀರರನ್ನು ಮೇಜಿನ ಮೇಲೆ ತರಲು ಹೊರಟಾಗ ಒಂದು ತೊಡಕು ಎದುರಾಯಿತು. ಒಬ್ಬ ಆಟಗಾರ ‘ನಾನು ಹಾರುತ್ತೇನೆ’ ಎಂದರೆ ಇನ್ನೊಬ್ಬ ‘ನಾನು ಹಾರುತ್ತೇನೆ, ಬೆಟ್ಟವನ್ನೂ ಎತ್ತುತ್ತೇನೆ’ ಎನ್ನುತ್ತಾನೆ. ಮೂರನೆಯವನು ‘ನನಗೆ ಸಾವೇ ಇಲ್ಲ’ ಎಂದುಬಿಟ್ಟರೆ ಆಟ ಅಲ್ಲಿಗೆ ಮುಗಿಯಿತು.

ನೂರು ಅಂಕದ ಸಂತೆ

ಈ ತೊಡಕಿಗೆ ಜಾಣ ಪರಿಹಾರ ಒದಗಿಸಿದ್ದು 1981ರಲ್ಲಿ ಬಂದ ‘ಚಾಂಪಿಯನ್ಸ್’ ಎಂಬ ಆಟ. ಜಾರ್ಜ್ ಮ್ಯಾಕ್‌ಡೊನಾಲ್ಡ್ ಮತ್ತು ಸ್ಟೀವ್ ಪೀಟರ್ಸನ್ ಅದನ್ನು ರೂಪಿಸಿದರು. ಅದರ ಪ್ರಕಾರ ಪ್ರತಿಯೊಬ್ಬ ಆಟಗಾರನ ಕೈಗೆ ಮೊದಲು 100 ಅಂಕ ಬರುತ್ತದೆ. ಸಂತೆಗೆ ದುಡ್ಡು ಹಿಡಿದು ಹೋದಂತೆ ಆ ಅಂಕದಲ್ಲಿ ಬಲ, ವೇಗ, ಹಾರಾಟ, ಅದೃಶ್ಯನಾಗುವಿಕೆ ಇವನ್ನೆಲ್ಲ ಕೊಳ್ಳಬೇಕು. ಒಂದಕ್ಕೆ ಹೆಚ್ಚು ಸುರಿದರೆ ಇನ್ನೊಂದಕ್ಕೆ ಕಾಸಿಲ್ಲ.

ನೂರು ಸಾಲದೆ? ಅದಕ್ಕೂ ದಾರಿಯಿದೆ. ಕೊರತೆಯೊಂದನ್ನು ಒಪ್ಪಿಕೊಂಡರೆ ಹೆಚ್ಚುವರಿ ಅಂಕ ಸಿಗುತ್ತದೆ. ಕಣ್ಣು ಕಾಣದವನು, ಬೆಂಕಿ ಕಂಡರೆ ಹೆದರುವವನು, ಮುದಿ ತಾಯಿಯನ್ನು ನೋಡಿಕೊಳ್ಳಬೇಕಾದವನು, ಕೊಟ್ಟ ಮಾತು ಮುರಿಯಲಾರದವನು ಎಂದು ಬರೆದುಕೊಂಡಷ್ಟೂ ಶಕ್ತಿ ಕೊಳ್ಳಲು ಬಂಡವಾಳ ಹೆಚ್ಚುತ್ತದೆ. ಹಾಗೆಯೇ ಶಕ್ತಿಗೆ ಷರತ್ತು ಹಾಕಿಕೊಂಡರೆ ಬೆಲೆ ಇಳಿಯುತ್ತದೆ. ಯಾವಾಗಲೂ ಹಾರುವ ಶಕ್ತಿ ದುಬಾರಿ, ಹಗಲಿನಲ್ಲಿ ಮಾತ್ರ ಹಾರುವ ಶಕ್ತಿ ಅಗ್ಗ.

ಷರತ್ತಿನ ಶಕ್ತಿ ಎಂದರೇನೆಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಮನುಷ್ಯನಿಂದಲೂ ಅಲ್ಲ, ಮೃಗದಿಂದಲೂ ಅಲ್ಲ, ಹಗಲೂ ಅಲ್ಲ, ಇರುಳೂ ಅಲ್ಲ ಎಂದು ವರ ಪಡೆದ ಹಿರಣ್ಯಕಶಿಪುವಿನ ಕಥೆಯೆಲ್ಲ ನಿಂತಿರುವುದು ಆ ಷರತ್ತುಗಳ ನಡುವಿನ ಸಂದಿಯಲ್ಲಿ.

1938ರಲ್ಲಿ ಹುಟ್ಟಿದ ಸೂಪರ್‌ಮ್ಯಾನ್‌ನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಅವನ ಬಲವನ್ನು ಕುಗ್ಗಿಸುವ ಕ್ರಿಪ್ಟೊನೈಟ್ ಎಂಬ ಕಲ್ಲು ಮೊದಲಿನಿಂದ ಇರಲಿಲ್ಲ. ಅದು 1943ರ ರೇಡಿಯೋ ಧಾರಾವಾಹಿಯಲ್ಲಿ ಬಂತು, 1949ರಲ್ಲಿ ಚಿತ್ರಕಥೆಗೆ ಇಳಿಯಿತು. ಏನನ್ನೂ ಮಾಡಬಲ್ಲವನ ಕಥೆಯಲ್ಲಿ ಕೇಳುಗನಿಗೆ ಆತಂಕ ಹುಟ್ಟಿಸಬೇಕಾದರೆ ಅವನಿಗೂ ಒಂದು ಕೊರತೆ ಬೇಕು.

ಇನ್ನೊಂದು ಹೆಜ್ಜೆ ಮುಂದೆ ಹೋದದ್ದು 1984ರ ‘ಮಾರ್ವೆಲ್ ಸೂಪರ್ ಹೀರೋಸ್’ ಆಟ. ಒಳ್ಳೆಯ ಕೆಲಸ ಮಾಡಿದ ವೀರನಿಗೆ ಅದು ಕೊಡುವ ಅಂಕದ ಹೆಸರೇ ‘ಕರ್ಮ’. ಕಷ್ಟಕಾಲದಲ್ಲಿ ದಾಳದ ಫಲವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಲು ಆ ಅಂಕವನ್ನು ಖರ್ಚು ಮಾಡಬಹುದು. ಆದರೆ ವೀರನು ಕೊಲೆ ಮಾಡಿದರೆ ಕೂಡಿಟ್ಟ ಕರ್ಮವೆಲ್ಲ ಒಂದೇ ಏಟಿಗೆ ಹೋಗುತ್ತದೆ. ಶಕ್ತಿಯನ್ನು ಹೇಗೆ ಬಳಸಿದೆ ಎಂಬುದಕ್ಕೂ ಲೆಕ್ಕ ಕೊಡಬೇಕೆಂಬ ಮಾತು ಹೀಗೆ ಆಟದ ನಿಯಮವಾಯಿತು.

ಹೀಗಾಗಿ ಪಾತ್ರ ಕಟ್ಟುವವನು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಶಕ್ತಿ ಎಲ್ಲಿಂದ ಬಂತು? ಅದರ ಮಿತಿ ಏನು? ಅದಕ್ಕಾಗಿ ಅವನು ತೆತ್ತದ್ದೇನು?

ಕಬ್ಬಿಣ ಬೇಡಲು ಹೋದ ಕಮ್ಮಾರನ ಮಗ

ಈ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡು ಕೂಟಗಲ್‌ನಿಂದ ತುಸು ದೂರ ಹೋಗೋಣ. ಚನ್ನಪಟ್ಟಣ ದಾಟಿ ಮದ್ದೂರಿನ ದಾರಿ ಹಿಡಿದರೆ ನಿಡಘಟ್ಟ ಸಿಗುತ್ತದೆ. ಕನಕಪುರ ದಾಟಿ ಮಳವಳ್ಳಿ ಕಡೆಗೆ ಹೋದರೆ ಹಲಗೂರು. ಈ ಎರಡು ಊರುಗಳನ್ನು ಕೂಡಿಸುವುದು ಮಂಟೇಸ್ವಾಮಿ ಕಾವ್ಯ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಈ ಕಾವ್ಯದ ಒಂದು ಬೃಹತ್ ಪಾಠವನ್ನು ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಅದನ್ನು ಪ್ರಕಟಿಸಿತು.

ಕಥೆ ಹೀಗೆ. ನಿಡಘಟ್ಟದಲ್ಲಿ ಕಬ್ಬಿಣದ ಕೆಲಸದವರ ಮನೆಯ ಹುಡುಗ ಕೆಂಪಾಚಾರಿ. ಅವನನ್ನು ಶಿಷ್ಯನಾಗಿ ಕೊಡಿ ಎಂದು ಮಂಟೇಸ್ವಾಮಿ ಕೇಳುತ್ತಾನೆ. ಮನೆಯವರು ಒಪ್ಪುವುದಿಲ್ಲ, ಹುಡುಗನೂ ಸುಲಭಕ್ಕೆ ಬಗ್ಗುವುದಿಲ್ಲ. ಬಹಳ ಕಷ್ಟ, ಬಹಳ ನೋವು ದಾಟಿದ ಮೇಲೆ ಅವನು ಸಿದ್ದಪ್ಪಾಜಿಯಾಗುತ್ತಾನೆ. ಆಗ ಗುರು ಕೊಡುವ ಕೆಲಸ, ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಿ ತರುವುದು.

ಗಮನಿಸಬೇಕಾದ ಅಂಶ ಇಲ್ಲಿದೆ. ಕುಲುಮೆಯ ಮುಂದೆ ಹುಟ್ಟಿದವನು, ಕುಲುಮೆಯವರ ಮುಂದೆಯೇ ಜೋಳಿಗೆ ಒಡ್ಡಬೇಕು. ಅವರು ಕೊಡಲು ಒಪ್ಪದೆ ಒಂದಾದ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ವಿಷ ಬೆರೆಸಿದ ಊಟ ಬಡಿಸುತ್ತಾರೆ. ಅವನು ಗುರುವನ್ನು ನೆನೆದು ಎಲ್ಲವನ್ನೂ ಗೆಲ್ಲುತ್ತಾನೆ. ಹಾಡುವವರಿಂದ ಹಾಡುವವರಿಗೆ ವಿವರಗಳು ಬದಲಾಗುತ್ತವೆ, ಆದರೆ ಈ ಬೆನ್ನೆಲುಬು ಬದಲಾಗುವುದಿಲ್ಲ.

ಈಗ ಮೂರು ಪ್ರಶ್ನೆ ಕೇಳಿ ನೋಡಿ. ಶಕ್ತಿ ಎಲ್ಲಿಂದ? ಗುರುವಿನಿಂದ, ಅದು ಸ್ವಂತದ್ದಲ್ಲ. ಮಿತಿ ಏನು? ಕಸಿದುಕೊಳ್ಳುವಷ್ಟು ಬಲವಿದ್ದರೂ ಅವನು ಬೇಡಿಯೇ ಪಡೆಯಬೇಕು. ತೆತ್ತದ್ದೇನು? ಮನೆ, ಬಂಧು, ಹುಟ್ಟಿನಿಂದ ಬಂದ ಕಸುಬು, ಕೊನೆಗೆ ತನ್ನ ಹೆಸರು ಕೂಡ.

ಇನ್ನೊಂದು ಉದಾಹರಣೆ ಕಂಸಾಳೆಯವರು ಹಾಡುವ ಮಲೆ ಮಾದೇಶ್ವರನ ಕಾವ್ಯದಿಂದ. ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣ ದೊರೆಯನ್ನು ಮಾದೇಶ್ವರ ಮೈಬಲದಿಂದ ಹೊಡೆದು ಕೆಡಹುವುದಿಲ್ಲ. ಅರಗು ಸೇರಿಸಿ ಮಾಡಿಸಿದ ಪಾದರಕ್ಷೆಯನ್ನು ಅವನ ಕಾಲಿಗೆ ತೊಡಿಸುತ್ತಾನೆ. ಅರಗು ಬೆಂಕಿಗೆ ಕರಗಿ ಉರಿಯುತ್ತದೆ, ಶ್ರವಣ ಅದರಲ್ಲೇ ಬೇಯುತ್ತಾನೆ. ದೊರೆಯನ್ನು ಕೊಂದ ಆಯುಧ ಸಿದ್ಧವಾದದ್ದು ಚರ್ಮದ ಕೆಲಸಗಾರನ ಕೈಯಲ್ಲಿ. ಕೆಳಗೆ ಕೂತು ದುಡಿಯುವವನ ಕಸುಬಿನಲ್ಲೇ ಮಹಾಬಲನ ಮರಣ ಅಡಗಿದೆ ಎಂಬುದನ್ನು ಯಾವ ಅಂಕಪಟ್ಟಿಯೂ ಇದಕ್ಕಿಂತ ಚೆನ್ನಾಗಿ ತೋರಿಸಲಾರದು.

ಬೆಟ್ಟದಿಂದ ಎದ್ದು ಬರುವ ಪಾತ್ರ

ಹಾಗಿದ್ದರೆ ಇಲ್ಲಿಯ ಹುಡುಗ ಹುಡುಗಿಯರು ತಮ್ಮದೇ ವೀರನನ್ನು ಕಟ್ಟುವುದು ಹೇಗೆ? ಒಂದು ಮಾದರಿ ನೋಡೋಣ.

ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ಅವುಗಳಿಗಾಗಿ 2012ರಲ್ಲಿ ಆ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ರಣಹದ್ದಿನ ಗುಣ ಪಡೆದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಶಕ್ತಿ: ಆಕಾಶದಲ್ಲಿ ಗಂಟೆಗಟ್ಟಲೆ ತೇಲುವುದು, ಬಹು ದೂರದಿಂದ ನೆಲದ ಮೇಲಿನದನ್ನು ಕಾಣುವುದು. ಮಿತಿಯನ್ನು ಕಲ್ಪಿಸುವ ಕಷ್ಟ ಬೇಡ, ಹಕ್ಕಿಯೇ ಹೇಳಿಕೊಡುತ್ತದೆ. ರಣಹದ್ದು ತೇಲುವುದು ಬಿಸಿಗಾಳಿಯ ಮೇಲೆ. ಬಿಸಿಲಿಗೆ ಬಂಡೆ ಕಾದು ಗಾಳಿ ಮೇಲೇಳುವವರೆಗೆ ಅದು ಕಾಯಬೇಕು. ಆದ್ದರಿಂದ ನಮ್ಮ ನಾಯಕಿ ಮುಂಜಾನೆ ಹಾರಲಾರಳು, ಮೋಡ ಕವಿದ ದಿನ ಅವಳಿಗೆ ಕಷ್ಟ. ಕಥೆಯ ಕಳ್ಳರು ಬೆಳಗಿನ ಜಾವಕ್ಕೇ ಬರುತ್ತಾರೆ ಎಂದಿಟ್ಟುಕೊಳ್ಳಿ, ಆಟ ಶುರುವಾಯಿತು.

ಮರ್ಮಸ್ಥಾನ ಯಾವುದು? ಅದೂ ನಿಜಸಂಗತಿಯಲ್ಲೇ ಇದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಹೊಟ್ಟೆ ಸೇರಿ ಅದರ ಮೂತ್ರಪಿಂಡ ಕೆಡಿಸುತ್ತದೆ. ದೇಶದಾದ್ಯಂತ ರಣಹದ್ದುಗಳು ಸತ್ತದ್ದಕ್ಕೆ ಇದು ಮುಖ್ಯ ಕಾರಣ. ದನಗಳಿಗೆ ಅದರ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹೋದದ್ದು ಬೇಗ ತುಂಬಿ ಬರುವುದಿಲ್ಲ. ಕ್ರಿಪ್ಟೊನೈಟ್ ಎಂಬ ಸುಳ್ಳು ಕಲ್ಲಿಗಿಂತ ಈ ಔಷಧದ ನಿಜ ಹೆಚ್ಚು ಗಾಬರಿ ಹುಟ್ಟಿಸುತ್ತದೆ. ಇಂಥ ಪಾತ್ರವನ್ನು ಒಂದು ಸಂಜೆ ಆಡಿದ ಮಗು ಬೆಟ್ಟದ ಹಕ್ಕಿಯನ್ನು ಮುಂಚಿನಂತೆ ನೋಡಲಾರದು.

ಆಟಕ್ಕೆ ಬೇಕಾದ ಸಾಮಗ್ರಿಗೂ ದೂರ ಹೋಗಬೇಕಿಲ್ಲ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಪುಟ್ಟ ಕಾಯಿಗಳನ್ನು ಮಾಡುವುದು ಹೊಸದಲ್ಲ. ಶ್ರವಣನನ್ನು ಸುಟ್ಟ ಅರಗೇ ಇಲ್ಲಿ ಗೊಂಬೆಗೆ ಹೊಳಪು ಕೊಡುತ್ತದೆ.

ದೇವರಿಗೆ ಅಂಕ ಹಾಕಬಹುದೆ?

ಒಂದು ಎಚ್ಚರಿಕೆಯ ಮಾತೂ ಅಗತ್ಯ. ಸಿದ್ದಪ್ಪಾಜಿಗೆ ಬಲ ಇಷ್ಟು, ಮಾದಪ್ಪನ ಹುಲಿಗೆ ವೇಗ ಇಷ್ಟು ಎಂದು ಬರೆದು ಆಡಿದರಾಗದೆ ಎಂದು ಯಾರಾದರೂ ಕೇಳಬಹುದು. ಸೂಪರ್‌ಮ್ಯಾನ್ ಅಚ್ಚಿನ ಮನೆಯಲ್ಲಿ ಹುಟ್ಟಿದವನು, ಅವನಿಗೆ ಯಾರೂ ಹರಕೆ ಹೊರುವುದಿಲ್ಲ. ಸಿದ್ದಪ್ಪಾಜಿಯ ಮಾತು ಬೇರೆ. ಪುಷ್ಯ ಮಾಸದ ಹುಣ್ಣಿಮೆಗೆ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಸೇರುವ ಜನಕ್ಕೆ ಅವನು ಕಥೆಯ ಪಾತ್ರವಲ್ಲ, ಮನೆದೇವರು. ನೀಲಗಾರರಿಗೆ ಹಾಡು ಮನರಂಜನೆಯಲ್ಲ, ದೀಕ್ಷೆ ಪಡೆದು ಹೊತ್ತ ಹೊಣೆ. ಮೇಲ್ಜಾತಿಯವರ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರಲ್ಲಿ ಅನೇಕರಿಗೆ ತಲೆ ಎತ್ತಿ ನಿಲ್ಲುವ ಶಕ್ತಿ ಕೊಟ್ಟ ಕಾವ್ಯ ಅದು. ಅಂಥ ಹೆಸರನ್ನು ದಾಳದ ಜೊತೆ ಉರುಳಿಸಿ, ‘ಸಿದ್ದಪ್ಪಾಜಿ ಸೋತ’ ಎಂದು ಕಾಗದದ ಮೇಲೆ ಗುರುತು ಹಾಕುವ ಹಕ್ಕು ಆಟಗಾರನಿಗೆ ಯಾರು ಕೊಟ್ಟರು?

ಆದ್ದರಿಂದ ಹೆಸರನ್ನು ಬಿಡಿ, ವಿದ್ಯೆಯನ್ನು ಕಲಿಯಿರಿ. ಶಕ್ತಿಗೆ ಒಂದು ಮೂಲ, ಒಂದು ಮಿತಿ, ಒಂದು ಬೆಲೆ ಇರಬೇಕೆಂಬುದನ್ನು ಆ ಹಾಡುಗಳಿಂದ ತೆಗೆದುಕೊಳ್ಳಿ. ಹಾಡು ಹಾಡಿನವರ ಬಳಿಯೇ ಇರಲಿ, ಅಲ್ಲಿಗೇ ಹೋಗಿ ಕೇಳಿ. ಎಚ್.ಎಲ್. ನಾಗೇಗೌಡರು ಕಟ್ಟಿದ, 1994ರಲ್ಲಿ ಆರಂಭವಾದ ಜಾನಪದ ಲೋಕ ರಾಮನಗರದ ಹೆದ್ದಾರಿಯಲ್ಲೇ ಇದೆ. ಅಲ್ಲಿಯ ತೊಗಲುಗೊಂಬೆಗಳನ್ನೂ ಯಕ್ಷಗಾನದ ವೇಷಗಳನ್ನೂ ಒಮ್ಮೆ ಪಾತ್ರ ಕಟ್ಟುವವರ ಕಣ್ಣಿನಿಂದ ನೋಡಿ ಬನ್ನಿ.

ಕ್ರಿಪ್ಟೊನೈಟ್ ಎಂದರೇನೆಂದು ಇಲ್ಲಿ ಕೂತ ಬಹುತೇಕರಿಗೆ ಗೊತ್ತಿರಬಹುದು. ಶ್ರವಣನ ಪಾದರಕ್ಷೆಯೊಳಗೆ ಏನಿತ್ತೆಂಬುದು ಎಷ್ಟು ಜನಕ್ಕೆ ಗೊತ್ತಿತ್ತು? ರಾತ್ರಿಯಿಡೀ ಹಾಡುವವರು ಇನ್ನೂ ಇರುವಾಗಲೇ ಕೇಳಿಸಿಕೊಳ್ಳುವವರು ಇಲ್ಲವಾದರೆ ಆ ನಷ್ಟ ಹಾಡುಗಾರರೊಬ್ಬರದೇ ಅಲ್ಲ. ಇಂದು ಸಂಜೆ ಒಂದು ಹಾಳೆ, ಒಂದು ಪೆನ್ಸಿಲ್, ಎರಡು ದಾಳ ಹಿಡಿದು ಕೂತುಕೊಳ್ಳಿ. ನಿಮ್ಮ ವೀರನ ಹೆಸರು ಬರೆಯಿರಿ. ಅದರ ಕೆಳಗೆ ಮೊದಲ ಸಾಲಿನಲ್ಲಿ, ಅವನಿಂದ ಏನು ಆಗುವುದಿಲ್ಲ ಎಂಬುದನ್ನು ಬರೆಯಿರಿ.