ಎಲ್ಲರೂ ಬಿಟ್ಟುಹೋದ ಚಿತ್ರಗಳು



ಶ್ರೀರಂಗಪಟ್ಟಣಕ್ಕೆ ಪ್ರವಾಸ ಬಂದ ಶಾಲಾ ಮಕ್ಕಳು ಸಾಮಾನ್ಯವಾಗಿ ಐದು ಚಿತ್ರಗಳನ್ನು ತೆಗೆದುಕೊಂಡು ಹಿಂದಿರುಗುತ್ತಾರೆ. ರಂಗನಾಥಸ್ವಾಮಿ ದೇವಾಲಯದ ಗೋಪುರ, ಜಾಮಿಯಾ ಮಸೀದಿಯ ಎರಡು ಮಿನಾರುಗಳು, ದರಿಯಾ ದೌಲತ್, ಗುಂಬಜ್, ಕೊನೆಗೆ ಸಂಗಮದಲ್ಲಿ ನೀರಿಗಿಳಿದ ಗೆಳೆಯರ ಗುಂಪು. ಚಿತ್ರಗಳು ಚೆನ್ನಾಗಿಯೇ ಇರುತ್ತವೆ. ಆದರೆ ಇವೇ ಚಿತ್ರಗಳು ಪಠ್ಯಪುಸ್ತಕದಲ್ಲಿವೆ, ಕ್ಯಾಲೆಂಡರಿನಲ್ಲಿವೆ, ನಿಮಗಿಂತ ಮುಂಚೆ ಬಂದುಹೋದ ಅಸಂಖ್ಯಾತ ಜನರ ಆಲ್ಬಮ್ಮುಗಳಲ್ಲಿವೆ. ಗುಂಬಜಿನ ಒಂದು ಚಿತ್ರ ನಾಳೆ ಕಳೆದುಹೋದರೆ ಯಾರಿಗೂ ನಷ್ಟವಿಲ್ಲ. ಅದರ ಪಕ್ಕದ ಒಂದು ಹಳೆಯ ಬಾಗಿಲಿನ ಚಿತ್ರ ಕಳೆದುಹೋದರೆ, ಬಹುಶಃ ಅದೊಂದೇ ಚಿತ್ರ ಇದ್ದಿರಬಹುದು.

ನಾನು ಇಂದು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಈ ಎರಡನೆಯ ಬಗೆಯ ಚಿತ್ರಗಳನ್ನು ಕುರಿತು. ನಮ್ಮೂರು ಶ್ರೀರಂಗಪಟ್ಟಣವಾದ್ದರಿಂದ ಉದಾಹರಣೆಗಳನ್ನು ಅಲ್ಲಿಂದಲೇ ಕೊಡುತ್ತೇನೆ. ನಿಮ್ಮ ಊರು ಬೀದರ್ ಇರಬಹುದು, ಚಿತ್ರದುರ್ಗ ಇರಬಹುದು, ಬನವಾಸಿಯೋ ಕೆಳದಿಯೋ ಇರಬಹುದು. ಹೆಸರು ಬದಲಿಸಿಕೊಂಡು ಕೇಳಿ.

ಮೊದಲು, ಈಗ ಇಲ್ಲದ ಒಂದು ಕಮಾನಿನ ವಿಷಯ ಹೇಳಬೇಕು. 1808ರಲ್ಲಿ ಡಿ ಹ್ಯಾವಿಲೆಂಡ್ ಎಂಬ ಸೇನಾ ಎಂಜಿನಿಯರು ಕೋಟೆಯೊಳಗೆ ಇಟ್ಟಿಗೆಯಿಂದ ಒಂದು ಕಮಾನು ಕಟ್ಟಿದರು. ನಡುವೆ ಒಂದು ಕಂಬವೂ ಇಲ್ಲದೆ ನೂರು ಅಡಿಗೂ ಹೆಚ್ಚು ಅಗಲವನ್ನು ದಾಟಿ ನಿಂತ ಕಮಾನು ಅದು. ಇಷ್ಟು ಅಗಲಕ್ಕೆ ಇಟ್ಟಿಗೆಯ ಕಮಾನು ನಿಲ್ಲುತ್ತದೆಯೇ ಎಂಬ ಸಂದೇಹಕ್ಕೆ ಅವರು ಕೊಟ್ಟ ಉತ್ತರವೆಂದು ಹೇಳುತ್ತಾರೆ. ಅದರ ಮೇಲೆ ನಿಂತು ಜಿಗಿದರೆ ಇಡೀ ಕಮಾನು ತೊಟ್ಟಿಲಿನಂತೆ ಅದುರುತ್ತಿತ್ತಂತೆ. ಊರಿಗೆ ಬಂದವರಿಗೆ ಇದನ್ನು ಮಾಡಿ ತೋರಿಸುವುದೇ ಒಂದು ವಿನೋದವಾಗಿತ್ತು. ನೂರು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಅದುರುತ್ತ ನಿಂತಿದ್ದ ಕಮಾನು 1930ರ ದಶಕದಲ್ಲಿ ಬಿದ್ದುಹೋಯಿತು. ಇಂದು ಆ ಕಮಾನು ಹೇಗಿತ್ತು ಎಂದು ನಾವು ನೋಡಬಲ್ಲೆವಾದರೆ, ಅದು ಬೀಳುವ ಮುನ್ನ ಯಾರೋ ಕ್ಯಾಮೆರಾ ತಂದು ನಿಲ್ಲಿಸಿದ್ದರಿಂದ.

ಇದಕ್ಕೆ ಎದುರಾಗಿ ಇನ್ನೊಂದು ಕಟ್ಟಡವನ್ನು ಇಟ್ಟು ನೋಡಿ. ದೇವಾಲಯದ ಸಮೀಪದಲ್ಲಿ ಟಿಪ್ಪು ಸುಲ್ತಾನನ ಲಾಲ್ ಮಹಲ್ ಅರಮನೆ ಇತ್ತು. 1799ರ ಮೇ 4ರಂದು ಕೋಟೆ ಬಿದ್ದ ಮೇಲಿನ ವರ್ಷಗಳಲ್ಲಿ ಅರಮನೆಯನ್ನು ಕೆಡವಿದರು. ಟಿಪ್ಪುವಿನ ಅರಮನೆಯ ಭಾರಿ ತೊಲೆಗಳನ್ನು ನೀಲಗಿರಿಯವರೆಗೆ ಸಾಗಿಸಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡಿಗೆ ಬಳಸಿದರು. ಪಟ್ಟಣದಲ್ಲಿ ಉಳಿದಿರುವುದು ತಳಪಾಯದ ಕಲ್ಲುಗಳು ಮಾತ್ರ. ಛಾಯಾಗ್ರಹಣ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಅರಮನೆ ಕ್ಯಾಮೆರಾಕ್ಕಿಂತ ಮೊದಲೇ ಹೋಯಿತು, ಕಮಾನು ಕ್ಯಾಮೆರಾ ಬಂದ ಮೇಲೆ ಹೋಯಿತು. ಎರಡಕ್ಕೂ ಇರುವ ವ್ಯತ್ಯಾಸ ಅಷ್ಟೇ. ಆದರೆ ಎಷ್ಟು ದೊಡ್ಡ ವ್ಯತ್ಯಾಸ!

ಹಂಪಿಯ ಕಲ್ಲಿನ ರಥವನ್ನು ನೀವು ನೋಡಿಯೇ ಇರುತ್ತೀರಿ. ಊರಿಗೆ ಹೋಗದಿದ್ದರೂ 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ನೋಡಿರುತ್ತೀರಿ. ಅಲ್ಲಿ ರಥದ ತಲೆ ಬೋಳಾಗಿದೆ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ ಚಿತ್ರಗಳನ್ನು ತೆಗೆದರು. ಆ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರವೊಂದು ನಿಂತಿದೆ! ಮುಂದೆ ಅದನ್ನು ತೆಗೆದುಹಾಕಲಾಯಿತು. ಆ ಗೋಪುರ ಒಂದು ದಿನ ಇರುವುದಿಲ್ಲವೆಂದು ಗ್ರೀನ್‌ಲಾ ಅವರಿಗೆ ಗೊತ್ತಿದ್ದಿರಲಾರದು. ಎದುರಿಗೆ ಇದ್ದದ್ದನ್ನು ಇದ್ದಂತೆ ತೆಗೆದರು. 1980ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ, ಅಲ್ಲೇ ನಿಂತು, ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಏನು ಹೋಯಿತು, ಏನು ಬಂತು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ.

ಈ ಕೆಲಸವನ್ನು ನೀವೂ ಮಾಡಬಹುದು. ಮನೆಯಲ್ಲಿ ಅಜ್ಜಿಯ ಮದುವೆಯ ಫೋಟೋ ಇರುತ್ತದೆ, ಮೆರವಣಿಗೆಯ ಹಿಂದೆ ಯಾವುದೋ ಬೀದಿ ಕಾಣುತ್ತಿರುತ್ತದೆ. ಆ ಜಾಗವನ್ನು ಪತ್ತೆ ಮಾಡಲು ಒಂದು ಸುಲಭ ಉಪಾಯವಿದೆ. ಚಿತ್ರದಲ್ಲಿ ಹತ್ತಿರದ ಒಂದು ವಸ್ತುವನ್ನೂ ದೂರದ ಒಂದು ವಸ್ತುವನ್ನೂ ಆರಿಸಿಕೊಳ್ಳಿ. ಒಂದು ಕಂಬದ ಅಂಚು, ಅದರ ಹಿಂದೆ ಗೋಪುರದ ಕಳಸ ಎನ್ನಿ. ಚಿತ್ರದಲ್ಲಿ ಅವೆರಡೂ ಹೇಗೆ ಒಂದಕ್ಕೊಂದು ತಾಗಿವೆಯೋ ಹಾಗೇ ತಾಗುವವರೆಗೆ ಎಡಕ್ಕೆ ಬಲಕ್ಕೆ ಸರಿಯಿರಿ. ಇನ್ನೊಂದು ಜೋಡಿಯನ್ನೂ ಹೀಗೆಯೇ ಹೊಂದಿಸಿದರೆ, ಹಳೆಯ ಫೋಟೋಗ್ರಾಫರು ನಿಂತ ಜಾಗದಲ್ಲೇ ನೀವು ನಿಂತಿರುತ್ತೀರಿ.

ಇನ್ನು ಏನನ್ನು ತೆಗೆಯಬೇಕು ಎಂಬ ಪ್ರಶ್ನೆ. ನಮ್ಮೂರ ಕೋಟೆಯ ಗೋಡೆಯನ್ನೇ ನೋಡಿ. ಬಸ್ಸಿನಿಂದ ನೋಡಿದರೆ ಅದು ಬರಿಯ ಕಲ್ಲಿನ ಗೋಡೆ. ಹತ್ತಿರ ಹೋಗಿ ನಿಂತರೆ ಅಲ್ಲಲ್ಲಿ ಬೇರೆ ಜಾತಿಯ ಕಲ್ಲುಗಳು ಕಾಣುತ್ತವೆ: ಕೆತ್ತನೆ ಇರುವ ಒಂದು ತುಂಡು, ಅಡ್ಡ ಮಲಗಿಸಿದ ಕಂಬ. ಇವು ಕೋಟೆಗಾಗಿ ಕಡಿದ ಕಲ್ಲುಗಳಲ್ಲ, ಬೇರೆಲ್ಲೋ ದೇವಾಲಯಗಳಲ್ಲಿ ಇದ್ದವು. 1454ರಲ್ಲಿ ಹೆಬ್ಬಾರನೊಬ್ಬ ಇಲ್ಲಿ ಕೋಟೆ ಕಟ್ಟಿಸಿದನು, ಕಳಸವಾಡಿಯ ನೂರೊಂದು ಬಸದಿಗಳ ಕಲ್ಲನ್ನು ಇಲ್ಲಿಗೆ ತಂದನು ಎಂಬ ಹೇಳಿಕೆಯನ್ನು ಬಿ.ಎಲ್. ರೈಸ್ ಅವರು ದಾಖಲಿಸಿದ್ದಾರೆ. ನೂರೊಂದು ಎಂಬುದು ನಮ್ಮ ಜನ 'ಬಹಳ' ಎನ್ನುವುದಕ್ಕೆ ಬಳಸುವ ಲೆಕ್ಕ. ಅದನ್ನು ಅಷ್ಟಕ್ಕೇ ಇಟ್ಟುಕೊಳ್ಳೋಣ. ಆದರೆ ಗೋಡೆಯಲ್ಲಿ ಅಂಥ ಕಲ್ಲುಗಳು ಎಲ್ಲೆಲ್ಲಿ ಎಷ್ಟಿವೆ ಎಂದು ಚಿತ್ರ ತೆಗೆದು ಗುರುತು ಹಾಕಿಕೊಂಡ ಹುಡುಗನೋ ಹುಡುಗಿಯೋ ಆ ಹೇಳಿಕೆಯ ಬಗ್ಗೆ ಎಲ್ಲರಿಗಿಂತ ಹೆಚ್ಚು ಅಧಿಕಾರದಿಂದ ಮಾತನಾಡಬಹುದು.

ಅದೇ ಕಲ್ಲುಗಳ ಅಂಚಿನಲ್ಲಿ ಸಾಲಾಗಿ ಸಣ್ಣ ಕುಳಿಗಳು ಕಂಡರೆ ಅದನ್ನೂ ಬಿಡಬೇಡಿ. ಬಂಡೆಯನ್ನು ಸೀಳುವಾಗ ಕಲ್ಲುಕುಟಿಗರು ಉಳಿಯಿಂದ ಒಂದೇ ಗೆರೆಯಲ್ಲಿ ಕುಳಿ ತೋಡಿ, ಅವುಗಳಲ್ಲಿ ಬೆಣೆ ಇಟ್ಟು ಒಂದಾದ ಮೇಲೊಂದರಂತೆ ಹೊಡೆಯುತ್ತಿದ್ದರು. ಬಂಡೆ ಗೆರೆ ಹಿಡಿದು ಸೀಳುತ್ತಿತ್ತು. ಪ್ರತಿ ಕುಳಿಯ ಅರ್ಧ ಈ ಕಲ್ಲಿನಲ್ಲಿ, ಇನ್ನರ್ಧ ಮತ್ತೊಂದು ಕಲ್ಲಿನಲ್ಲಿ. ರಾಜರ ಹೆಸರು ಶಾಸನದಲ್ಲಿರುತ್ತದೆ. ಕಲ್ಲು ಒಡೆದವರ ಕೈಗುರುತು ಇರುವುದು ಈ ಕುಳಿಗಳಲ್ಲಿ.

ಮಸೀದಿಯ ಮಿನಾರುಗಳನ್ನು ಇಡಿಯಾಗಿ ತೆಗೆದಾದ ಮೇಲೆ, ಅವುಗಳ ಮೈಯಲ್ಲಿ ಪಾರಿವಾಳಗಳಿಗೆಂದು ಬಿಟ್ಟಿರುವ ಗೂಡುಗಳನ್ನು ಎಣಿಸಿ ನೋಡಿ. ನಮ್ಮ ನಾಡಿನ ಹಳೆಯ ಮಂಟಪಗಳ ಹಾಸುಗಲ್ಲಿನ ಮೇಲೆ ಹುಲಿ–ಕುರಿ ಆಟದ ಮನೆ, ಚೌಕಾಬಾರದ ಮನೆ ಕೊರೆದಿರುವುದುಂಟು. ನೆಲ ನೋಡಿಕೊಂಡು ನಡೆಯುವವರಿಗೆ ಮಾತ್ರ ಅವು ಸಿಗುತ್ತವೆ. ಕಂಠೀರವ ನರಸರಾಜ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ ಕಾವೇರಿಯ ಒಂದು ಕವಲನ್ನು ಮೇಲುಗಾಲುವೆಯಲ್ಲಿ ದಾಟಿ ದ್ವೀಪಕ್ಕೆ ಬರುತ್ತದೆ. ನದಿಯ ಮೇಲೆ ನದಿಯದೇ ನೀರು! ಇದನ್ನು ನೋಡಲೆಂದು ನಿಲ್ಲುವ ಪ್ರವಾಸಿ ವಾಹನ ಅಪರೂಪ.

ಹೆದ್ದಾರಿಯ ಸಮೀಪದಲ್ಲೇ ಗ್ಯಾರಿಸನ್ ಸ್ಮಶಾನವಿದೆ. 1799ರ ನಂತರ ಇಲ್ಲಿ ಬೀಡುಬಿಟ್ಟ ಸೈನ್ಯದವರ ಗೋರಿಗಳು ಅಲ್ಲಿವೆ; ಅವರಲ್ಲಿ ಸ್ವಿಸ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರೂ ಇದ್ದಾರೆ. ಎಲ್ಲಿಯ ಸ್ವಿಟ್ಜರ್ಲೆಂಡ್, ಎಲ್ಲಿಯ ಕಾವೇರಿ ತೀರ! ಗೋರಿಗಳ ಆಕಾರವನ್ನು ಎಲ್ಲರೂ ತೆಗೆಯುತ್ತಾರೆ. ನೀವು ಅಕ್ಷರಗಳನ್ನು ತೆಗೆಯಿರಿ. ಮಳೆ ಬಿಸಿಲಿಗೆ ಗೋರಿಯ ಆಕಾರಕ್ಕಿಂತ ಬೇಗ ಸವೆಯುವುದು ಅದರ ಮೇಲಿನ ಬರಹ.

ಬರಹದ ಮಾತು ಬಂದದ್ದರಿಂದ ಬೆಳಕಿನ ಬಗ್ಗೆ ಎರಡು ಮಾತು. ಸವೆದ ಅಕ್ಷರವಾಗಲಿ ತೆಳುವಾದ ಕೆತ್ತನೆಯಾಗಲಿ ನಡುಹಗಲಿನಲ್ಲಿ ಕಾಣುವುದಿಲ್ಲ. ಬೆಳಕು ನೇರವಾಗಿ ಬಿದ್ದರೆ ಗೀರಿಗೆ ನೆರಳಿಲ್ಲ, ನೆರಳಿಲ್ಲದಿದ್ದರೆ ಗೀರು ಇಲ್ಲ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಗೋಡೆಯನ್ನು ಪಕ್ಕದಿಂದ ಸವರುವಂತಿರುವ ಹೊತ್ತಿನಲ್ಲಿ ಹೋಗಿ; ಮಧ್ಯಾಹ್ನ ಬರಿಯ ಬಂಡೆಯಾಗಿದ್ದದ್ದು ಆಗ ಓದಲು ಬರುತ್ತದೆ. ಬಿಸಿಲು ಬಾರದ ಕಡೆ ಗೆಳೆಯನ ಕೈಗೆ ಟಾರ್ಚು ಕೊಟ್ಟು ಪಕ್ಕದಿಂದ ಹಿಡಿಸಿ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ಉಜ್ಜುವುದು, ಎಣ್ಣೆ ಬಳಿಯುವುದು ಮಾತ್ರ ಸರ್ವಥಾ ಕೂಡದು. ಕಲ್ಲು ಹಾಳಾಗುತ್ತದೆ, ರಕ್ಷಿತ ಸ್ಮಾರಕವಾದರೆ 1958ರ ಕಾಯಿದೆಯ ಪ್ರಕಾರ ಅದನ್ನು ವಿರೂಪಗೊಳಿಸುವುದು ಶಿಕ್ಷಾರ್ಹ ಅಪರಾಧವೂ ಹೌದು. ಚಿತ್ರ ತೆಗೆಯಬಾರದೆಂದು ಫಲಕ ಹಾಕಿರುವ ಕಡೆ ಕ್ಯಾಮೆರಾ ಚೀಲದಲ್ಲೇ ಇರಲಿ. ನೋಡಿದ್ದನ್ನು ಹೊರಗೆ ಬಂದು ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಫಿಲ್ಮ್ ರೋಲಿನ ಕಾಲದಲ್ಲಿ ನಮಗೆ ಇರುತ್ತಿದ್ದದ್ದು ಮೂವತ್ತಾರು ಚಿತ್ರಗಳು. ಒಂದೊಂದಕ್ಕೂ ದುಡ್ಡು. ಹಾಗಾಗಿ ಗುಂಡಿ ಒತ್ತುವ ಮುನ್ನ ಬಹಳ ಹೊತ್ತು ನೋಡುತ್ತಿದ್ದೆವು. ಈಗ ನಿಮ್ಮ ಫೋನಿನಲ್ಲಿ ಸಾವಿರ ಚಿತ್ರ ಹಿಡಿಯುತ್ತದೆ. ಅದು ಒಳ್ಳೆಯದೇ, ನಾನು ಆಕ್ಷೇಪಿಸುವುದಿಲ್ಲ. ಆದರೆ ಒಂದು ವಸ್ತುವಿಗೆ ಮೂರು ಚಿತ್ರ ಎಂಬ ಶಿಸ್ತನ್ನು ಇಟ್ಟುಕೊಳ್ಳಿ: ದೂರದಿಂದ ಒಂದು, ಅದು ಎಲ್ಲಿದೆ ಎಂದು ತಿಳಿಯಲು, ನಡುವಿನಿಂದ ಒಂದು, ತೀರ ಹತ್ತಿರದಿಂದ ಒಂದು. ಹತ್ತಿರದ ಚಿತ್ರದಲ್ಲಿ ಪಕ್ಕಕ್ಕೆ ನಿಮ್ಮ ಅಳತೆಪಟ್ಟಿ ಇರಲಿ, ಇಲ್ಲದಿದ್ದರೆ ಕುಳಿ ಬೆರಳಿನಷ್ಟೋ ಮೊಳದಷ್ಟೋ ಎಂದು ನೋಡಿದವರಿಗೆ ತಿಳಿಯುವುದಿಲ್ಲ. ಅದೇ ದಿನ ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆಯಿರಿ: ದಿನಾಂಕ, ಜಾಗ, ಯಾವ ದಿಕ್ಕಿಗೆ ಮುಖ ಮಾಡಿದ ಗೋಡೆ, ಯಾರು ಏನು ಹೇಳಿದರು. ವಾಟ್ಸ್ಯಾಪಿನಲ್ಲಿ ಚಿತ್ರವಾಗಿ ಕಳಿಸಿದಾಗ ಅದರ ಗಾತ್ರ ಕುಗ್ಗುತ್ತದೆ, ಚಿತ್ರದೊಳಗೆ ಅಡಗಿದ್ದ ದಿನಾಂಕ ಮತ್ತು ಸ್ಥಳದ ವಿವರ ಹೊರಟುಹೋಗುತ್ತದೆ. ಮೂಲ ಚಿತ್ರ ಬೇರೆಯಾಗಿ ಉಳಿದಿರಲಿ. ವಿವರಣೆ ಇಲ್ಲದ ಚಿತ್ರ ಹತ್ತು ವರ್ಷದ ನಂತರ ತೆಗೆದವರಿಗೇ ಒಗಟಾಗುತ್ತದೆ.

ಇನ್ನೊಂದು ವಿಷಯದಲ್ಲಿ ನನಗೂ ಛಾಯಾಚಿತ್ರ ಸ್ಪರ್ಧೆಗಳ ತೀರ್ಪುಗಾರರಿಗೂ ಹೊಂದುವುದಿಲ್ಲ. ಚಿತ್ರದಲ್ಲಿ ವಿದ್ಯುತ್ ಕಂಬ ಬಂದರೆ, ತಂತಿ ಬಂದರೆ, ಅಂಗಡಿಯ ಬೋರ್ಡು ಬಂದರೆ ಅವರು ಅಂಕ ಕಳೆಯುತ್ತಾರೆ. ಈಗಂತೂ ಬೆರಳಿನಿಂದ ಸವರಿ ತಂತಿಯನ್ನು ಅಳಿಸಿಬಿಡಬಹುದು. ದಯವಿಟ್ಟು ಅಳಿಸಬೇಡಿ. ಹಳೆಯ ಚಿತ್ರವೊಂದು ಯಾವ ಕಾಲದ್ದೆಂದು ತಿಳಿಯಲು ಹೊರಟವರು ಮೊದಲು ನೋಡುವುದು ಗೋಪುರವನ್ನಲ್ಲ, ಮೂಲೆಯಲ್ಲಿರುವ ದೀಪದ ಕಂಬವನ್ನು, ನಿಂತಿರುವ ಗಾಡಿಯನ್ನು, ಬೋರ್ಡಿನ ಅಕ್ಷರಗಳನ್ನು. ಸುಂದರವಾಗಲೆಂದು ನೀವು ಅಳಿಸಿದ್ದೇ ಮುಂದೆ ಬೇಕಾಗುತ್ತದೆ.

ಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳಿವೆ. ಅವುಗಳಲ್ಲಿ ಒಂದನ್ನು 2017ರಲ್ಲಿ ಜೋಡಿ ರೈಲುಮಾರ್ಗಕ್ಕಾಗಿ ಇಡಿಯಾಗಿ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಇಟ್ಟಿಗೆ ಗಾರೆಯ ಕಟ್ಟಡ ಬಿರುಕಿಲ್ಲದೆ ಸಾಗಿದ್ದು ಎಂಜಿನಿಯರುಗಳ ಸಾಹಸವೇ ಸರಿ. ಕಟ್ಟಡ ಉಳಿಯಿತು. ಆದರೆ ಅದು ಎಲ್ಲಿ, ಯಾವುದರ ಪಕ್ಕದಲ್ಲಿ, ನೆಲದೊಳಗೆ ಎಷ್ಟು ಹುದುಗಿ ಕೂತಿತ್ತು ಎಂಬುದು ಇನ್ನು ಮುಂದೆ 2017ಕ್ಕಿಂತ ಹಿಂದಿನ ಚಿತ್ರಗಳಲ್ಲಿ ಮಾತ್ರ.

ಸ್ಮಾರಕಗಳಿಗೆ ಇಲಾಖೆ ಇದೆ, ಫಲಕ ಇದೆ, ಕಾವಲುಗಾರ ಇದ್ದಾನೆ. ಮನೆಗಳಿಗೆ ಯಾರಿದ್ದಾರೆ? ಗಂಜಾಮಿನಲ್ಲಿ, ದೇವಾಲಯದ ಸುತ್ತಿನ ಬೀದಿಗಳಲ್ಲಿ, ಒಂದು ಮರದ ಕಂಬದ ಬೋದಿಗೆ, ಜಗುಲಿಯ ದೀಪದ ಗೂಡು, ಬಾಗಿಲ ಚಿಲಕ ಇವು ಯಾವ ಪಟ್ಟಿಯಲ್ಲೂ ಇಲ್ಲ. ಮಗಳ ಮದುವೆಗೆಂದು, ಸೋರುವ ಮಾಡಿಗೆಂದು ಮನೆ ಕೆಡವುವವರನ್ನು ತಪ್ಪೆನ್ನಲಾಗದು. ಅವರು ಅಲ್ಲಿ ಬಾಳಬೇಕು. ನೀವು ಮಾಡಬಹುದಾದದ್ದು ಕೆಡವುವ ಮುನ್ನ ಹೋಗುವುದು. ಬೀದಿಯಿಂದ ಕದ್ದು ತೆಗೆಯಬೇಡಿ. ಜಗುಲಿಯ ಮೇಲೆ ಕೂತ ಹಿರಿಯರಿಗೆ ನಮಸ್ಕಾರ ಹೇಳಿ, "ಅಜ್ಜ, ಈ ಬಾಗಿಲಿನ ಫೋಟೋ ತೆಗೀಬಹುದಾ?" ಎಂದು ಕೇಳಿ. ಬೇಡ ಎಂದರೆ ಬೇಡ. ಒಪ್ಪಿದರೆ ಬಾಗಿಲಿನ ಜೊತೆ ಅದರ ಕಥೆಯೂ ಸಿಗುತ್ತದೆ, ಕಾಫಿಯೂ ಸಿಗಬಹುದು. ಆಮೇಲೆ ಒಂದು ಪ್ರತಿ ಮುದ್ರಿಸಿ ಅವರ ಕೈಗೆ ಕೊಟ್ಟುಬನ್ನಿ, ಇನ್ನೊಂದನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡಿ.

ಎಲ್ಲಿಂದ ಶುರು ಮಾಡುವುದು ಎಂದು ಕೇಳುವಿರಾದರೆ, ಪಟ್ಟಣದವರಿಗೆ ನನ್ನ ಸಲಹೆ ವೆಲ್ಲೆಸ್ಲಿ ಸೇತುವೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದದ್ದು. ಮೇಲೆ ನಡೆದರೆ ಅದು ಬರಿಯ ರಸ್ತೆ. ಕೆಳಗಿಳಿದು ನೋಡಿದರೆ ಕಲ್ಲಿನ ಕಂಬಗಳ ಕಾಡು. ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ, ನಮ್ಮ ದೇವಾಲಯದ ಮಂಟಪ ಕಟ್ಟುವ ಕ್ರಮವೇ ನದಿಯನ್ನು ದಾಟಿದೆ. ಮಳೆಗಾಲದಲ್ಲಿ ಹೊಳೆ ತುಂಬಿರುವಾಗ ಅತ್ತ ಸುಳಿಯಬೇಡಿ. ಬೇಸಿಗೆಯಲ್ಲಿ ನೀರು ಇಳಿದಾಗ, ಮನೆಯ ದೊಡ್ಡವರೊಬ್ಬರ ಜೊತೆ, ಬೆಳಗ್ಗೆ ಏಳು ಗಂಟೆಯ ಹೊತ್ತಿಗೆ ಹೋಗಿ. ಕಂಬಗಳ ಬುಡದಲ್ಲಿ ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು ಎಂಬ ಕಲೆ ಆಗ ಚೆನ್ನಾಗಿ ಕಾಣುತ್ತದೆ. ಅಳತೆಪಟ್ಟಿ ಮರೆಯಬೇಡಿ.